ಪ್ರೋಟೀನ್ ಸಿ: ಹೆಪ್ಪು ತಡೆಯುವ ಪ್ರೋಟೀನು ಮಿದುಳನ್ನು ಕಾಯುವುದು ಹೇಗೆ?

ಪ್ರಶ್ನೆ
ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವ ಕತ್ತರಿಸುವ, ಕೋಶದ ಮೇಲಿನ ಪಾರ್-1 ಗ್ರಾಹಕವನ್ನೇ ಸಕ್ರಿಯ ಪ್ರೋಟೀನ್ ಸಿ (ಪ್ರೋಟೀನ್ ಸಿ ಕೆಲಸಕ್ಕಿಳಿದ ರೂಪ) ಕೂಡ ಕತ್ತರಿಸುತ್ತದೆ. ಥ್ರಾಂಬಿನ್ ಕತ್ತರಿಸಿದರೆ ಉರಿಯೂತ ಏರುತ್ತದೆ, ಸಕ್ರಿಯ ಪ್ರೋಟೀನ್ ಸಿ ಕತ್ತರಿಸಿದರೆ ಇಳಿಯುತ್ತದೆ. ಯಾಕೆ? ಇನ್ನೊಂದು ವಿಷಯ: ಮಿದುಳಿನ ಸಿರೆಯಲ್ಲಿ ಹೆಪ್ಪುಗಟ್ಟಿದ ಮೂರನೇ ದಿನ ಪ್ರೋಟೀನ್ ಸಿ ಮಾಮೂಲಿನ 42% ಮಾತ್ರ ಬಂದರೆ ಹುಟ್ಟು ಕೊರತೆ ಅನ್ನಬಹುದೇ?

ಉತ್ತರ 1
ಕತ್ತರಿ ಬೀಳುವ ಜಾಗ ಬೇರೆ. ಥ್ರಾಂಬಿನ್ ಪಾರ್-1ರ 41ನೇ ಸ್ಥಾನದ ಅರ್ಜಿನಿನ್ (ಒಂದು ಅಮೈನೋ ಆಮ್ಲ) ಬಳಿ ಕತ್ತರಿಸುತ್ತದೆ. ಸಕ್ರಿಯ ಪ್ರೋಟೀನ್ ಸಿ, ಇಪಿಸಿಆರ್ ಎಂಬ ಇನ್ನೊಂದು ಗ್ರಾಹಕದ ಮೇಲೆ ಕೂತು, 46ನೇ ಸ್ಥಾನದ ಅರ್ಜಿನಿನ್ ಬಳಿ. ಅಂತರ ಬರೀ ಐದು ಅಮೈನೋ ಆಮ್ಲ, ಆದರೆ ಹೊರಗುಳಿಯುವ ತುದಿ ಬದಲಾಗುವುದರಿಂದ ಒಳಗೆ ಹೋಗುವ ಸಂದೇಶವೇ ಬೇರೆಯಾಗುತ್ತದೆ. ಮೊದಲನೆಯದರಲ್ಲಿ ಕೋಶದೊಳಗಿನ ರೋ-ಎ ಎಂಬ ಪ್ರೋಟೀನು ಚುರುಕಾಗಿ ರಕ್ತನಾಳದ ಒಳಪದರದ ಕೋಶಗಳು ಕುಗ್ಗಿ ಸಂದು ಬಿಡುತ್ತವೆ. ಎರಡನೆಯದರಲ್ಲಿ ರ‍್ಯಾಕ್-1 ಎಂಬ ಇನ್ನೊಂದು ಪ್ರೋಟೀನು ಚುರುಕಾಗಿ ಕೋಶಗಳು ಒತ್ತಾಗಿ ನಿಲ್ಲುತ್ತವೆ, ಬಿಳಿರಕ್ತಕಣ ಅಂಟಿಕೊಳ್ಳುವುದೂ ತಗ್ಗುತ್ತದೆ. ರಕ್ತ-ಮಿದುಳು ತಡೆಗೋಡೆ ಸೋರದಿರಲು ಬೇಕಾದದ್ದು ಇದೇ.

ಉತ್ತರ 2
ಸಕ್ರಿಯ ಪ್ರೋಟೀನ್ ಸಿಯನ್ನೇ ಔಷಧಿ ಮಾಡಲು ಹೋದಾಗ ರಕ್ತಸ್ರಾವ ಅಡ್ಡ ಬಂತು. ಸೋಂಕಿನಿಂದ ಅಂಗಗಳು ಕೆಡುವ ತೀವ್ರ ಸೆಪ್ಸಿಸ್‌ಗೆ 2001ರಲ್ಲಿ ಒಪ್ಪಿಗೆ ಪಡೆದ ಝೈಗ್ರಿಸ್ (ಔಷಧಿಯಾಗಿ ತಯಾರಿಸಿದ ಸಕ್ರಿಯ ಪ್ರೋಟೀನ್ ಸಿ) ಅನ್ನು ಗಂಟೆಗೆ ಕೆಜಿಗೆ 24 ಮೈಕ್ರೋಗ್ರಾಂ ಲೆಕ್ಕದಲ್ಲಿ 96 ಗಂಟೆ ಹನಿಸುತ್ತಿದ್ದರು. ನಂತರದ ದೊಡ್ಡ ಪ್ರಯೋಗದಲ್ಲಿ ಸಾವು ಇಳಿಯಲಿಲ್ಲ. 2011ರಲ್ಲಿ ಅದನ್ನು ಹಿಂತೆಗೆದುಕೊಂಡರು. ಸಕ್ರಿಯ ಪ್ರೋಟೀನ್ ಸಿಯ 191ರಿಂದ 193ರವರೆಗಿನ ಮೂರು ಲೈಸಿನ್‌ಗಳ ಜಾಗಕ್ಕೆ ಅಲನಿನ್ ಎಂಬ ಬೇರೆ ಅಮೈನೋ ಆಮ್ಲ ಕೂರಿಸಿದ ರೂಪವೇ 3ಕೆ3ಎ. ಹೆಪ್ಪುಗಟ್ಟಿಸುವ ಐದನೇ ಫ್ಯಾಕ್ಟರ್ ಹಿಡಿಯುವ ಮೇಲ್ಮೈ ಅಲ್ಲಿ ಕೆಟ್ಟು ಹೆಪ್ಪು ತಡೆಯುವ ಗುಣ ತಗ್ಗುತ್ತದೆ, ಪಾರ್-1 ಕೆಲಸ ಹಾಗೇ ಉಳಿಯುತ್ತದೆ. ಸ್ಟ್ರೋಕ್ ಆದ 110 ಜನರ ಎರಡನೇ ಹಂತದ ಪ್ರಯೋಗದಲ್ಲಿ ಮಿದುಳಿನೊಳಗಿನ ರಕ್ತಸ್ರಾವ ಕಡಿಮೆಯಾಗುವ ಒಲವು ಕಂಡಿತು. ಭರವಸೆ ಇದೆ, ಆದರೆ ಗುಣವಾಯಿತು ಅನ್ನುವಷ್ಟು ಪುರಾವೆ ಅದಲ್ಲ.

ಉತ್ತರ 3
42% ನೋಡಿ ಹುಟ್ಟು ಕೊರತೆ ಅನ್ನಬೇಡಿ. ಹೊಸ ಹೆಪ್ಪಿನಲ್ಲಿ ಪ್ರೋಟೀನ್ ಸಿ ಖರ್ಚಾಗಿರುತ್ತದೆ. ಲಿವರ್ ಕಾಯಿಲೆ, ವಿಟಮಿನ್ ಕೆ ಕೊರತೆ, ವಾರ್ಫರಿನ್ (ಹೆಪ್ಪು ತಡೆಯುವ ಮಾತ್ರೆ), ಯಾವುದಿದ್ದರೂ ಇಳಿಯುತ್ತದೆ. ಮೂರು ತಿಂಗಳ ಚಿಕಿತ್ಸೆ ಮುಗಿದ ಮೇಲೆ, ವಾರ್ಫರಿನ್ ನಿಲ್ಲಿಸಬಹುದು ಎಂದು ವೈದ್ಯರು ಹೇಳಿದರೆ, ನಿಲ್ಲಿಸಿ ಕನಿಷ್ಠ ಎರಡು ವಾರ ಬಿಟ್ಟು ಪರೀಕ್ಷೆ ಮತ್ತೆ ಮಾಡಿಸಿ. 3.2% ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ಇಡುವ ದ್ರಾವಣ) ಟ್ಯೂಬಿನಲ್ಲಿ ಗೆರೆಯವರೆಗೆ ರಕ್ತ ತುಂಬಿರಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ರಿವರಾಕ್ಸಬಾನ್‌ನಂಥ ಹೆಪ್ಪು ತಡೆಯುವ ಮಾತ್ರೆ ನಡೆಯುತ್ತಿದ್ದರೆ ಹೆಪ್ಪುಗಟ್ಟುವ ಸಮಯ ಅಳೆಯುವ ವಿಧಾನ ಸುಳ್ಳು ಏರಿಕೆ ತೋರಿಸಿ ನಿಜವಾದ ಕೊರತೆಯನ್ನು ಮುಚ್ಚಿಬಿಡುತ್ತದೆ. ಬಣ್ಣದ ಬದಲಾವಣೆಯಿಂದ ಅಳೆಯುವ ಕ್ರೋಮೋಜೆನಿಕ್ ವಿಧಾನ ಕೇಳಿ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ಕೊರತೆಯ ಅನುಮಾನ ಇರುವಾಗ ವಾರ್ಫರಿನ್ ಶುರು ಮಾಡುವುದು ಅಪಾಯವೇ?

ಉತ್ತರ 3
ಚುಚ್ಚುಮದ್ದಾಗಿ ಕೊಡುವ, ಬೇಗ ಹೆಪ್ಪು ತಡೆಯುವ ಹೆಪಾರಿನ್ ಇಲ್ಲದೆ ಶುರು ಮಾಡಿದರೆ ಅಪಾಯ. ಪ್ರೋಟೀನ್ ಸಿಯ ಅರ್ಧಾಯು ಸುಮಾರು 8 ಗಂಟೆ, ಥ್ರಾಂಬಿನ್ ಆಗಿ ಬದಲಾಗುವ ಪ್ರೋಥ್ರಾಂಬಿನ್‌ನದು ಸುಮಾರು 60. ವಾರ್ಫರಿನ್ ಎರಡನ್ನೂ ತಗ್ಗಿಸುತ್ತದೆ. ಅಂದರೆ ಮೊದಲ ದಿನಗಳಲ್ಲಿ ಬ್ರೇಕ್ ಮುಂಚೆ ಹೋಗುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ಚರ್ಮ ಕಪ್ಪಾಗಿ ಕೊಳೆಯುವ ತೊಡಕು ಬರುವುದೂ ಆಗಲೇ. ಹೆಪಾರಿನ್ ಜೊತೆ ಕನಿಷ್ಠ 5 ದಿನ ನಡೆಸಿ, ರಕ್ತ ಹೆಪ್ಪುಗಟ್ಟಲು ತಗಲುವ ಸಮಯದ ಅಳತೆಯಾದ ಐಎನ್‌ಆರ್ 2 ದಾಟಿ 24 ಗಂಟೆ ನಿಂತ ಮೇಲಷ್ಟೇ ಹೆಪಾರಿನ್ ನಿಲ್ಲಿಸುತ್ತಾರೆ.