ಸಹಾಯ ಬೇಕು: ಈ ಮಿಲ್ಸ್ ಸ್ಲಾಟ್ ಮಷೀನ್ ಅಸಲಿಯೋ, ಜೋಡಿಸಿದ್ದೋ?

ದಾವಣಗೆರೆಯ ಗುಜರಿ ಅಂಗಡಿಯೊಂದರಲ್ಲಿ ನಾಣ್ಯ ಹಾಕಿ ಆಡೋ ಮೂರು ಚಕ್ರದ ಜೂಜಿನ ಮಷೀನ್ ಮಾರಾಟಕ್ಕಿದೆ. ಮುಂಭಾಗದ ಅಲ್ಯೂಮಿನಿಯಂ ಎರಕದಲ್ಲಿ ಷಿಕಾಗೋದ ಮಿಲ್ಸ್ ನಾವೆಲ್ಟಿ ಕಂಪನಿ ಹೆಸರಿದೆ. ಹೆಸರೊಂದನ್ನೇ ನಂಬೋ ಹಾಗಿಲ್ಲ, ನಕಲು ಎರಕವೂ ಬರುತ್ತೆ. ಚಕ್ರಕ್ಕೆ 20 ಚಿತ್ರ. ಅಮೆರಿಕದ 5 ಸೆಂಟ್ (21.2 ಮಿ.ಮೀ.) ಕಿಂಡಿಯಲ್ಲಿ ಇಳಿಯುತ್ತೆ, 25 ಸೆಂಟಿನದು ಹೋಗಲ್ಲ. ಆದರೆ ಎರಕದ ಮೇಲಿನ ನಂಬರಿಗೂ ಮರದ ಪೆಟ್ಟಿಗೆಯಲ್ಲಿ ಒತ್ತಿರುವ ನಂಬರಿಗೂ ತಾಳೆಯೇ ಇಲ್ಲ! ಇನ್ನೊಂದು ಮಷೀನಿನ ಪೆಟ್ಟಿಗೆ ಕೂರಿಸಿದ್ದಾರಾ? ಫೋಟೊ ಹಾಕಿದ್ದೇನೆ, ಬಲ್ಲವರು ನೋಡಿ.

ಹಿಡಿ ಎಳೆದರೆ ಚಕ್ರ ತಿರುಗುತ್ತವೆ, ಒಂದೊಂದಾಗಿ ಹಿಡಿದು ನಿಲ್ಲಿಸೋ ಕೊಕ್ಕೆ ಬೀಳಲ್ಲ. ವೇಗ ತಡೆಯೋ ಪುಟ್ಟ ಫ್ಯಾನಿನ ಗೇರುಗಳಲ್ಲಿ ಹಳೇ ಎಣ್ಣೆ ಅಂಟಾಗಿ ಕೂತಿದೆ. ಅದನ್ನು ಬಿಚ್ಚಿ ತೊಳೆದು, ಗೇರುಗಳ ಅಚ್ಚಿನ ತುದಿಗಳಿಗೆ ಮಾತ್ರ ಹನಿ ಗಡಿಯಾರದೆಣ್ಣೆ ಬಿಡಬಲ್ಲ ಗೋಡೆ ಗಡಿಯಾರ ರಿಪೇರಿಯವರು ಇಲ್ಲೋ ಚಿತ್ರದುರ್ಗದಲ್ಲೋ ಇದ್ದರೆ ತಿಳಿಸಿ. ಗ್ರೀಸ್ ಬಳಿಯೋರು ದಯವಿಟ್ಟು ಬೇಡ.