ಮೊದಲನೇ ಕೌದಿ ಹೊಲಿಯಾಕ ಕುಂತೀನಿ, ಎಲ್ಲಿಂದ ಶುರು ಮಾಡ್ಲಿ?

ಗಂಗಾವತಿ ಸೋನಾ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮವ್ವನ ಹಳೆ ಸೀರಿ ಒಂದು ಟ್ರಂಕ್ ತುಂಬ ಅದಾವು, ಇಳಕಲ್ ಸೀರಿನ ಏಳೆಂಟು, ಯಾರಿಗರ ಕೊಡಾಕ ಮನಸ್ಸಿಲ್ಲ ಉಡಾಕ ಆಗಂಗಿಲ್ಲ, ಅದಕ್ಕ ಡಬಲ್ ಕಾಟಿನಷ್ಟು ದೊಡ್ಡ ಕೌದಿ ಮಾಡೋಣ ಅಂತ. ಸೀರಿಗೆ ಫಾಲ್ ಹಚ್ಚೋದು ಬಿಟ್ರ ಮತ್ತೇನೂ ಹೊಲಿದಾಕಿ ಅಲ್ಲ ನಾನು. ಯೂಟ್ಯೂಬ್‌ನ್ಯಾಗ ರೋಟರಿ ಕಟರ್ (ಗಾಲಿಯಂಗ ಉರುಳೋ ಬ್ಲೇಡು), ಅದರ ಕೆಳಗ ಹಾಸೋ ಮ್ಯಾಟ್, ಬ್ಯಾಟಿಂಗ್ ಎಲ್ಲಾ ಬೇಕು ಅಂತಾರ, ಕಾರ್ಟಿಗೆ ಹಾಕಿದ್ರ ಎರಡು ಸಾವಿರ ದಾಟೈತಿ. ಖರೇನ ಬೇಕೇನ್ರೀ ಇವೆಲ್ಲ? ಮತ್ತ ಅವ್ರು ನಡುವಿಂದ ಹೊಲೀರಿ ಅಂತಾರ, ಬಾಜೂ ಮನಿ ಆಯಿ ದಂಡಿಯಿಂದ ಹೊಲಿ ಅಂತಾಳ.

ಕುಷ್ಟಗಿ ದಬ್ಬಣ
ತಂಗಿ, ಮೊದ್ಲು ಆ ಕಾರ್ಟ್ ಖಾಲಿ ಮಾಡು. ಕತ್ರಿ, ಸೂಜಿ, ಗಟ್ಟಿ ಕಾಟನ್ ದಾರ, ಸೂಜಿ ಚುಚ್ಚದಂಗ ಬೆರಳಿಗೆ ಹಾಕೋ ಟೊಪ್ಪಿಗಿ ಅಂದ್ರ ಅಂಗುಸ್ತಾನ ಒಂದು, ಮುಗೀತು. ಬ್ಯಾಟಿಂಗ್ ಅಂದ್ರ ನಡುವ ಹಾಕೋ ಹತ್ತಿ ಇಲ್ಲಾ ಪಾಲಿಯೆಸ್ಟರ್ ಪದರ ಅಷ್ಟ, ಚಳಿ ಊರಿನವ್ರಿಗೆ ಸರಿ, 40 ಡಿಗ್ರಿ ಬಿಸಲಾಗ ನಮಗ್ಯಾಕ? ಅಡಿಗೆ ಒಂದು ಸೀರಿ, ನಡುವ ಅಪ್ಪಾರ ಹಳೆ ಧೋತರ, ಮ್ಯಾಲೆ ತುಂಡು. ಡಬಲ್ ಕಾಟ್ ಈಗ ಬ್ಯಾಡ. ನಾನೂ ಹಂಗ ಹುರುಪಿಲೆ ಶುರು ಮಾಡಿದ್ದು ಎರಡು ವರ್ಷ ಅಟ್ಟದ ಮ್ಯಾಲೆ ಬಿದ್ದು, ಕಡೀಕ ಅದರಾಗ ಇಲಿ ಮರಿ ಹಾಕಿತ್ತು. 3 ಅಡಿ ಚೌಕದ್ದು ಒಂದು ಕೂಸಿನ ಕೌದಿ ಮಾಡು ಸಾಕು. ದಾರ ಒಂದೂವರೆ ಮೊಳಕ್ಕಿಂತ ಉದ್ದ ತಗೋಬ್ಯಾಡ, ಸಿಕ್ಕಾಗ್ತೈತಿ.

ರಾಯಚೂರು ಬಿಸ್ಲು
ಇಳಕಲ್ ಸೀರಿ ಅಂದ್ರಲ್ಲ, ಒಂದು ಮಾತು. ಒಡಲು ಕಾಟನ್ ಇದ್ರೂ ದಂಡಿ ಸೆರಗು ರೇಷ್ಮಿ ಇಲ್ಲಾ ಆರ್ಟ್ ಸಿಲ್ಕ್ ಇರ್ತದ, ಒಗೆದಾಗ ಎರಡೂ ಒಂದೇ ತರ ಕುಗ್ಗಂಗಿಲ್ಲ, ಅದಕ್ಕ ದಂಡಿ ಕತ್ರಿಸಿ ಬ್ಯಾರೆ ಇಡ್ರಿ, ಆಮ್ಯಾಲೆ ಸುತ್ತ ಪಟ್ಟಿ ಹಚ್ಚಾಕ ಬರ್ತದ. ಎಲ್ಲಾ ಬಟ್ಟಿ ಬ್ಯಾರೆ ಬ್ಯಾರೆ ನೆನೆಸಿ ಬಣ್ಣ ಬಿಡ್ತದೇನು ನೋಡ್ರಿ. ನಾನು ಒಗೀಲಾರ್ದ ಹೊಲಿದೆ, ಮೊದಲನೇ ಒಗೆತಕ್ಕ ಕುಂಕುಮ ಬಣ್ಣ ಎಲ್ಲಾ ಬಿಳಿ ಧೋತರಕ್ಕ ಇಳಿದು ಕೌದಿ ಓಕುಳಿ ಆಡಿ ಬಂದಂಗಾಯ್ತು. ಆಮ್ಯಾಲೆ ಬಟ್ಟಿ ಕಿಟಕಿ ಬೆಳಕಿಗೆ ಹಿಡಿದು ಎರಡೂ ಹೆಬ್ಬೆಟ್ಟಿಲೆ ಜಗ್ಗಿ ನೋಡ್ರಿ, ಪರ್ರ್ ಅಂದ್ರ ಅದನ್ನ ಮ್ಯಾಲೆ ಹಾಕಬ್ಯಾಡ್ರಿ, ನಡುವ ಹೋಗ್ಲಿ.

ಕೌಲ್ ಬಜಾರ್ ಕತ್ರಿ
ನಮ್ ಬಳ್ಳಾರೀಲಿ ಜೀನ್ಸ್ ಹೊಲಿಯೋ ಕಡೆ ಕಟ್‌ಪೀಸ್ ಸಿಗ್ತಾವೆ ಅಂತ ಆಸೆಬಿದ್ದು ಕೌದಿಗೆ ಹಾಕ್ಬ್ಯಾಡಿ. ಮೂರು ಕೈಸೂಜಿ ಮುರ್ಕೊಂಡಿದೀನಿ. ಅದು ಬ್ಯಾಗಿಗೆ ಸರಿ, ಮಷಿನ್‌ಗೆ 16 ನಂಬರ್ ಸೂಜಿ ಹಾಕಿ. ತುಂಡಿಗೆ ತುಂಡು ಜೋಡಿಸೋ ಕೈಚಳಕ ನೋಡ್ಬೇಕಂದ್ರೆ ಸಂಡೂರು ಲಂಬಾಣಿ ಕೆಲಸ ನೋಡಿ, 2023ರಲ್ಲಿ ಹಂಪಿ ಜಿ20 ದೇಶಗಳ ಸಭೆ ಟೈಮಲ್ಲಿ ಅವ್ರು ಮಾಡಿದ 1755 ಐಟಂ ಇಟ್ಟು ಗಿನ್ನೆಸ್ ದಾಖಲೆ ಆಯ್ತಲ್ಲ. ಆದ್ರೆ ಅವ್ರು ಹಚ್ಚೋ ಕನ್ನಡಿ ಗಿನ್ನಡಿ ಕೂಸಿನ ಕೌದಿಗೆ ಬ್ಯಾಡಪ್ಪ.

ಕುಷ್ಟಗಿ ದಬ್ಬಣ
ನಡುವೋ ದಂಡಿಯೋ ಅನ್ನೋದು ಬಿಟ್ಟೇ ಹೋತು ನೋಡು. ಇಬ್ಬರೂ ಹೇಳೋದು ಖರೇನ. ಬ್ಯಾಟಿಂಗ್ ಇದ್ರ ಉಬ್ಬಿರ್ತೈತಿ, ದಂಡಿ ಮೊದ್ಲು ಹೊಲಿದು ಮುಚ್ಚಿದ್ರ ನೆರಗಿ ನಡುವ ಬಂದು ಕುಂದ್ರತಾವು, ಹೊರಗ ಹೋಗಾಕ ಹಾದಿ ಇರಂಗಿಲ್ಲ, ಅದಕ್ಕ ಅವ್ರು ನಡುವಿಂದ ತಳ್ಳಿಕೋತ ಬರ್ತಾರ. ನಮ್ಮದು ತೆಳುವು ಸೀರಿ, ನೆಲದ ಮ್ಯಾಲೆ ಜಗ್ಗಿ ಹಾಸಿ ನಾಲ್ಕೂ ಮೂಲಿಗೆ ಕಲ್ಲಿಟ್ಟು, ಗೇಣಿಗೊಂದು ದೊಡ್ಡ ದೊಡ್ಡ ಕಚ್ಚಾ ಹೊಲಿಗಿ ಹಾಕಿದ್ರ ಪದರ ಸರಿಯಂಗಿಲ್ಲ. ಆಮ್ಯಾಲೆ ದಂಡಿ ಒಳಗ ಮಡಚಿ ಅಲ್ಲಿಂದ ಬೆರಳಷ್ಟು ಜಾಗ ಬಿಟ್ಟು ಬಿಟ್ಟು ಸುತ್ತ ಹೊಲಕೋತ ಒಳಗ ಬಾ. ಕಚ್ಚಾ ದಾರ ಕಡೀಕ ಬಿಚ್ಚು.

ಗಂಗಾವತಿ ಸೋನಾ
ಕಾರ್ಟ್ ಖಾಲಿ ಮಾಡ್ದೆ ಅಕ್ಕಾರ, ಅಂಗುಸ್ತಾನ ಒಂದ ಉಳಿಸ್ಕೊಂಡೀನಿ. ಧೋತರ ನೆನೆ ಹಾಕಿದೆ, ಸೀರಿ ನಾಳೆ. ದಂಡಿಯಿಂದ ಹೊಲಿಯೋದು ಸರಿ ಅಂತ ಆಯಿಗೆ ಮಾತ್ರ ಇನ್ನೂ ಹೇಳಿಲ್ಲ, ಹೇಳಿದ್ರ ಓಣಿ ತುಂಬ ಹೇಳ್ಕೊಂಡು ಬರ್ತಾಳ.