ಕಡಿಮೆ ಬೆಲೆಯ ಬ್ಯಾಗ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ಸಾಕಾ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಮನೆ ಮುಂದೆ ರಸ್ತೆ ಅಗೆದಿದ್ದಾರೆ. ದಿವಾನದ ಕೆಳಗೆಲ್ಲ ನಯವಾದ ಕೆಂಪು ಧೂಳು. ಅಮ್ಮನಿಗೆ ಉಬ್ಬಸ ಬೇರೆ. ಬ್ಯಾಗ್‌ಲೆಸ್ (ಧೂಳು ಚೀಲದ ಬದಲು ಡಬ್ಬಿಯಲ್ಲಿ ತುಂಬುವಂಥದ್ದು) 5,000 ರೂಪಾಯಿದು ಸಾಕಾ, 25,000ದ್ದೇ ಬೇಕಾ? ಎರಡರಲ್ಲೂ ಮೋಟರಿನ ವ್ಯಾಟ್ ಹೆಚ್ಚುಕಮ್ಮಿ ಒಂದೇ.

ಉತ್ತರ (ಸರಸ್ವತಿಪುರಂ):
ವ್ಯಾಟ್ ನೋಡಬೇಡಿ. ಅದು ಮೋಟರ್ ತಿನ್ನುವ ಕರೆಂಟು, ಧೂಳು ಎಳೆಯುವ ಶಕ್ತಿಯಲ್ಲ. ನಮ್ಮಲ್ಲಿ ಅಗ್ಗದ್ದೇ ಇದೆ. ಕೂದಲು, ಕಸಕ್ಕೆ ಚೆನ್ನಾಗಿದೆ. ನಯ ಧೂಳು ಮಾತ್ರ ಡಬ್ಬಿಯಲ್ಲಿ ನಿಲ್ಲದೆ ಫಿಲ್ಟರಿಗೇ ಮೆತ್ತಿಕೊಳ್ಳುತ್ತದೆ, ಆಮೇಲೆ ಎಳೆಯುವುದೇ ಇಲ್ಲ. ದುಬಾರಿಯವುಗಳಲ್ಲಿ ಸಣ್ಣ ಸಣ್ಣ ಸೈಕ್ಲೋನ್ (ಗಾಳಿಯನ್ನು ಸುತ್ತಿಸುವ ಕೊಳವೆ) ಜಾಸ್ತಿ ಇರುತ್ತವೆ. ಗಾಳಿ ಗಿರಗಿರ ತಿರುಗಿ ಆ ಧೂಳೂ ಬೇರೆಯಾಗುತ್ತದೆ. ತೊಳೆದ ಫಿಲ್ಟರ್ ಪೂರ್ತಿ ಒಣಗಿದ ಮೇಲೇ ಹಾಕಿ.

ಉತ್ತರ (ಮಂಡ್ಯ):
ಉಬ್ಬಸ ಅಂದಮೇಲೆ ಹೆಪಾ ಫಿಲ್ಟರ್ ಬೇಕೇ ಬೇಕು. 0.3 ಮೈಕ್ರಾನ್ ಕಣಗಳನ್ನು 99.97% ಹಿಡಿಯುವಂಥದ್ದು. ಡಬ್ಬಿ ಬಗ್ಗಿಸುವಾಗ ಧೂಳು ಮುಖಕ್ಕೇ ಏಳುತ್ತದೆ, ಅಮ್ಮನ ಕೈಗೆ ಕೊಡಬೇಡಿ. ನನ್ನ ಕೇಳಿದರೆ, ನಿಮ್ಮ ಮನೆಗೆ ಬ್ಯಾಗ್ ಇರುವುದೇ ವಾಸಿ. ಕಟ್ಟಿ ಎಸೆದರಾಯ್ತು ಅಲ್ವಾ?